ಅದಿರಿನ ಗಾಡಿ ಬರೋವರೆಗೆ

ಕಳೆದ ಮೇ ತಿಂಗಳು, ಮಳೆ ಹಿಡಿಯುವ ಮುಂಚೆ ಅಟ್ಟದ ಸಾಮಾನೆಲ್ಲ ಕೆಳಗಿಳಿಸಿ ಜಾಡಿಸುತ್ತಿದ್ದೆವು. ಮೂಲೆಯಲ್ಲಿ ಕೌದಿ ಸುತ್ತಿಟ್ಟ ಗಂಟೊಂದನ್ನು ಎಳೆಯಲು ಹೋಗಿ ನನ್ನ ಹೆಂಡತಿ ಸೊಂಟ ಹಿಡಿದುಕೊಂಡಳು. "ಇದೇನ್ರಿ, ಬೀಸೋ ಕಲ್ಲು ಸುತ್ತಿಟ್ಟೀರೇನು?" ಕೌದಿ ಬಿಚ್ಚಿದರೆ ಒಳಗೆ ಹದಿನೈದು ಇಂಚಿನ ಮಾನಿಟರ್. ಬೆನ್ನು ಉಬ್ಬಿದ, ಬಿಳಿ ಬಣ್ಣ ಹಳದಿಗೆ ತಿರುಗಿದ, ಹತ್ತು ಹನ್ನೆರಡು ಕಿಲೋ ತೂಗುವ ಆಸಾಮಿ. ಗುಜರಿಗೆ ಹಾಕಿರಿ ಅಂದಳು. ನಾಳೆ ನೋಡೋಣ ಅಂದೆ. ಆ ನಾಳೆ ಬರುವುದರೊಳಗೆ ನಾನು ಮನಸ್ಸಿನಲ್ಲಿ ಇಪ್ಪತ್ತೈದು ವರ್ಷ ಹಿಂದಕ್ಕೆ, ಗೋವಾದ ವಾಸ್ಕೋ ಪೇಟೆಯ ಒಳಗಲ್ಲಿಯ ಆ ರಿಪೇರಿ ಅಂಗಡಿಗೆ ಹೋಗಿ ಕೂತಿದ್ದೆ.

ಅಂಗಡಿ ಅಂದರೆ ಎಂಟು ಅಡಿ ಅಗಲ, ಹದಿನಾರು ಅಡಿ ಉದ್ದ. ಯಜಮಾನರು ರೋಣದ ಕಡೆಯವರು. ನಮಗೆಲ್ಲ 'ಕಾಕಾ'. ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಕಲಿತು, 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟಿವಿ ಬಂದಾಗ ಅದರ ಬೆನ್ನು ಹತ್ತಿ ಘಾಟ ಇಳಿದವರು. ಗಲ್ಫ್‌ನಿಂದ, ಹಡಗಿನಿಂದ ಜನ ಟಿವಿ ಹೊತ್ತು ತರುವ ಊರು ಗೋವಾ. ಅಲ್ಲಿ ರಿಪೇರಿ ಬಲ್ಲವನಿಗೆ ಅನ್ನಕ್ಕೆ ಕೊರತೆಯಿರಲಿಲ್ಲ. ನನ್ನಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ ಕಾಲದಲ್ಲಿ ದೂದಸಾಗರದ ಘಟ್ಟದಲ್ಲಿ ಬೆವರು ಹರಿಸಿದವರು. 1998ರಲ್ಲಿ ನಾನು ಹನ್ನೆರಡನೇ ಇಯತ್ತೆಯಲ್ಲಿ ನಪಾಸಾದೆ. ಅಪ್ಪ ಕಿವಿ ಹಿಡಿದು ಕಾಕಾನ ಅಂಗಡಿಯಲ್ಲಿ ತಂದು ಕೂಡ್ರಿಸಿದರು. ಅಲ್ಲಿ ಆಗಲೇ ಚಿಕಾಲಿಯ ಹುಡುಗನೊಬ್ಬ ಸೋಲ್ಡರಿಂಗ್ ಮಾಡುತ್ತ ಕೂತಿದ್ದ. ಎಲ್ಲರನ್ನೂ ಅವನು 'ಪಾತ್ರಾಂವ್' ಎಂದು ಕರೆಯುತ್ತಿದ್ದ. ಪೋರ್ಚುಗೀಸರ ಯಜಮಾನ ಕೊಂಕಣಿ ಬಾಯಲ್ಲಿ ಗೆಳೆಯನಾದ ಶಬ್ದ ಅದು. ಕೊನೆಗೆ ಅವನ ಹೆಸರೇ ಪಾತ್ರಾಂವ್ ಆಗಿಹೋಯಿತು.

ಟಿವಿಗಳ ನಡುವೆ ಆಗಲೇ ಕಂಪ್ಯೂಟರ್ ಮಾನಿಟರ್‌ಗಳು ಬರತೊಡಗಿದ್ದವು. ಕಾಕಾನಿಗೆ ಮೊದಮೊದಲು ಅವುಗಳ ಮೇಲೆ ನಂಬಿಕೆಯೇ ಇರಲಿಲ್ಲ. ಕಾರಣ ಕಿವಿ. ಹಳೆಯ ಟಿವಿ ಹಚ್ಚಿದರೆ ಸೊಳ್ಳೆ ಹಾಡಿದಂಥ ಸಣ್ಣ ಸಿಳ್ಳೆ ಕೇಳುತ್ತದಲ್ಲ, ಅದು ಪರದೆಯ ಅಡ್ಡಗೆರೆಗಳನ್ನು ಸೆಕೆಂಡಿಗೆ 15,625 ಸಲ ಎಳೆಯುವ ಸದ್ದು. ಸಿಳ್ಳೆ ಇದ್ದರೆ ಇಎಚ್‌ಟಿ (ಟ್ಯೂಬಿಗೆ ಹೈ ವೋಲ್ಟೇಜು ಕೊಡುವ ಟ್ರಾನ್ಸ್‌ಫಾರ್ಮರ್) ಬದುಕಿದೆ, ಇಲ್ಲದಿದ್ದರೆ ಸತ್ತಿದೆ. ಹಿಂದಿನ ಮುಚ್ಚಳ ತೆಗೆಯುವ ಮುಂಚೆಯೇ ಕಾಕಾ ಅರ್ಧ ರೋಗ ಹೇಳುತ್ತಿದ್ದರು. ಕಂಪ್ಯೂಟರ್ ಮಾನಿಟರ್ ಮಾತ್ರ ಗೆರೆ ಎಳೆಯುವುದು ಸೆಕೆಂಡಿಗೆ 31,000ಕ್ಕೂ ಹೆಚ್ಚು ಸಲ. ಮನುಷ್ಯರ ಕಿವಿಗೆ ಅದು ನಿಲುಕುವುದಿಲ್ಲ. "ಮೂಕ ದನ ಇದು. ಎಲ್ಲಿ ನೋಯ್ತದ ಅಂತ ಹೇಳಂಗಿಲ್ಲ" ಅನ್ನುತ್ತಿದ್ದರು.

ಅದಕ್ಕೇ ಇರಬೇಕು, ಮಾನಿಟರ್ ಹೊತ್ತು ತಂದವರ ಬಾಯಿಂದ ಎಲ್ಲವನ್ನೂ ಹೊರಡಿಸುವ ಚಟ ಅವರಿಗೆ ಹತ್ತಿತು. ಗಿರಾಕಿ ಬಂದು "ಐಸಿ ಹೋಗಿದೆ", "ಟ್ಯೂಬ್ ವೀಕ್ ಆಗಿದೆ" ಅಂದರೆ ಕಾಕಾಗೆ ಸಿಟ್ಟು. "ಏನ್ ಕಾಣಸ್ತದ, ಮೊದಲ ಅದನ್ನ ಹೇಳ್ರಿ. ಏನ್ ಕೆಟ್ಟದ ಅನ್ನೂದು ನಾ ಹೇಳ್ತೀನಿ." ಯಾವಾಗ ಶುರುವಾಯಿತು, ಹಚ್ಚಿದ ಕೂಡಲೇನಾ, ಬಿಸಿಯಾದ ಮೇಲಾ, ಬದಿಗೆ ಏಟು ಕೊಟ್ಟರೆ ಸರಿಹೋಗುತ್ತದಾ, ಯಾವ ಬಣ್ಣ ಇಲ್ಲ, ಯಾವ ಮೂಲೆ ಸೊಟ್ಟಗಿದೆ. ಕನ್ನಡ, ಕೊಂಕಣಿ, ಹಿಂದಿ ಮೂರೂ ಕಲಸಿ ಕೇಳುತ್ತಿದ್ದರು. ಸ್ಕ್ರೂಡ್ರೈವರ್ ಮುಟ್ಟುತ್ತಿದ್ದದ್ದು ಆಮೇಲೆ.

ರೋಗಗಳಿಗೆ ನಮ್ಮಲ್ಲಿ ನಮ್ಮದೇ ಹೆಸರುಗಳಿದ್ದವು. ನೀಲಿ ಹೋಗಿ ಪರದೆ ಹಳದಿಯಾದರೆ 'ಕಾಮಾಲೆ'. ಎರಡೂ ಬದಿ ಒಳಕ್ಕೆ ಎಳೆದುಕೊಂಡರೆ 'ನಡು ಸಣ್ಣ'. ಬೆಳಕು ಹೆಚ್ಚಾದಂತೆಲ್ಲ ಚಿತ್ರ ಹಿಗ್ಗಿ ಚೌಕಟ್ಟಿನಾಚೆ ಹೋದರೆ 'ಬಾವು'. ಹಚ್ಚಿದ ಮೇಲೆ ಹತ್ತು ನಿಮಿಷ ಮಂಕಾಗಿದ್ದು ಆಮೇಲೆ ತಿಳಿಯಾದರೆ 'ಮುದುಕ'. ಟ್ಯೂಬಿನ ಕ್ಯಾಥೋಡು ಸವೆದು ಎಲೆಕ್ಟ್ರಾನು ಉಗುಳುವ ಶಕ್ತಿ ಉಡುಗಿರುವ ಲಕ್ಷಣ ಅದು. ಅದಕ್ಕೆ ಔಷಧವಿಲ್ಲ. ಬೂಸ್ಟರ್ ಹಾಕಿ ಹೀಟರ್ ವೋಲ್ಟೇಜು ಏರಿಸಿದರೆ ಇನ್ನಾರು ತಿಂಗಳು ನಡೆದೀತು. ಪಾತ್ರಾಂವ್ ಅದನ್ನು 'ಫೆಣಿ ಟ್ರೀಟ್‌ಮೆಂಟ್' ಅನ್ನುತ್ತಿದ್ದ.

ಇನ್ನು 'ಚಳಿಜ್ವರ'. ಮಂಗೋರ್ ಹಿಲ್‌ನ ಒಂದು ಟೈಪಿಂಗ್ ಸೆಂಟರಿನಿಂದ ಬಂದ ಕೇಸು ನನಗೆ ಚೆನ್ನಾಗಿ ನೆನಪಿದೆ. ಅಕ್ಷರಗಳೆಲ್ಲ ನೀರಿನ ತಳದಲ್ಲಿದ್ದಂತೆ ನಡುಗುತ್ತವೆ, ನೋಡುವವರಿಗೆ ತಲೆನೋವು. ಅಂಗಡಿಗೆ ತಂದರೆ ಬಂಡೆಯಂತೆ ಸ್ಥಿರ. ವಾಪಸು ಒಯ್ದರೆ ಮತ್ತೆ ನಡುಕ. ಬೇರೆ ರಿಪೇರಿಯವನೊಬ್ಬ ಆಗಲೇ ಎರಡು ಕೆಪಾಸಿಟರ್ ಬದಲಿಸಿ ದುಡ್ಡು ತಗೊಂಡಿದ್ದ. ಕಾಕಾ ಹೋಗಿ ಬಾಗಿಲಲ್ಲೇ ನಿಂತು ನೋಡಿದರು. ಮಾನಿಟರ್ ಕೂತದ್ದು ಗುಂಯ್ ಅನ್ನುವ ಒಂದು ಕಬ್ಬಿಣದ ಪೆಟ್ಟಿಗೆಯ ಮೇಲೆ. ಸ್ಟೆಬಿಲೈಸರ್! ಒಳಗೆ ದಪ್ಪ ಟ್ರಾನ್ಸ್‌ಫಾರ್ಮರ್. ಗೋಡೆಯಿಂದ ಬರುವ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡುತ್ತದೆ, ಪರದೆ ಸೆಕೆಂಡಿಗೆ 60 ಸಲ ಬರೆದುಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತ ಚಿತ್ರದ ಕಿರಣವನ್ನು ಎಳೆದಾಡಿದರೆ ಎರಡರ ನಡುವಿನ ವ್ಯತ್ಯಾಸದಷ್ಟು, ಅಂದರೆ ಸೆಕೆಂಡಿಗೆ ಹತ್ತು ಸಲ ಚಿತ್ರ ನಡುಗುತ್ತದೆ. ಇದನ್ನು ಕಾಕಾ ನಮಗೆ ಹೇಳಿಕೊಟ್ಟದ್ದು ಜೋಕಾಲಿಯ ಲೆಕ್ಕದಲ್ಲಿ. ಎರಡು ಜೋಕಾಲಿ ಬೇರೆ ಬೇರೆ ವೇಗದಲ್ಲಿ ಆಡುತ್ತಿದ್ದರೆ ಯಾವಾಗಲೋ ಒಮ್ಮೆ ಜೋಡಿಯಾಗುತ್ತವೆ, ಮತ್ತೆ ಬಿಡುತ್ತವೆ. ಪೆಟ್ಟಿಗೆಯನ್ನು ಮೂರು ಅಡಿ ಆಚೆ ಸರಿಸಿದರು, ಜ್ವರ ಇಳಿಯಿತು. ಕೂಲಿ ಕೇಳಲು ನಾಚಿಕೆಯಾಗಿ ಚಹಾ ಕುಡಿದು ಬಂದರು. ಅಂಗಡಿ ಬಾಡಿಗೆ ಎರಡು ತಿಂಗಳು ಬಾಕಿಯಿದ್ದ ಮನುಷ್ಯ!

ಕಾಮಾಲೆಯ ಕಥೆ ಬೈನಾದ್ದು. ಅಲ್ಲೊಂದು ಸಣ್ಣ ಸೈಬರ್ ಕೆಫೆ. ಗೋವಾದಲ್ಲಿ ಹಡಗಿನ ಮೇಲೆ ದುಡಿಯುವವನಿಗೆ 'ತಾರ್ವಟಿ' ಅನ್ನುತ್ತಾರೆ. ಅವನ ಹೆಂಡತಿ ವರ್ಷದ ಎಂಟೊಂಬತ್ತು ತಿಂಗಳು ಕಾಗದ, ಫೋನು, ಆಮೇಲಾಮೇಲೆ ಈಮೇಲನ್ನೇ ನೆಚ್ಚಿಕೊಂಡವಳು. ಅಂಥ ಹೆಣ್ಣುಮಗಳೊಬ್ಬಳು ಒಂದು ಮಧ್ಯಾಹ್ನ ಕೆಫೆಯಲ್ಲಿ ಗಂಡ ಕಳಿಸಿದ ಫೋಟೋ ತೆಗೆದು ನೋಡಿ ಅಳಲು ಹತ್ತಿದಳಂತೆ. ಮುಖವೆಲ್ಲ ಅರಿಶಿನ. ಹಡಗಿನಲ್ಲಿ ಕಾಯಿಲೆ ಬಿದ್ದಿದ್ದಾನೆ, ನನಗೆ ಮುಚ್ಚಿಡುತ್ತಿದ್ದಾನೆ. ಕೆಫೆಯ ಹುಡುಗ ಓಡಿಬಂದ. ಕಾಕಾ ಹೋಗಿ ಮಾನಿಟರಿನ ಕೇಬಲ್ ಬಿಚ್ಚಿ ಬೆಳಕಿಗೆ ಹಿಡಿದರು. ಮೂರು ಸಾಲಿನಲ್ಲಿ ಹದಿನೈದು ಮುಳ್ಳು. ಮೊದಲ ಸಾಲಿನ ಒಂದು, ಎರಡು, ಮೂರನೆಯವು ಕೆಂಪು, ಹಸಿರು, ನೀಲಿ. ಮೂರನೆಯದು ಡೊಂಕಾಗಿ ಮಲಗಿತ್ತು. ಬಾಲ್‌ಪೆನ್ನಿನ ಖಾಲಿ ರೀಫಿಲ್ಲಿನ ತೂತಿಗೆ ಮುಳ್ಳು ಸಿಗಿಸಿ ಮೆಲ್ಲಗೆ ನೆಟ್ಟಗೆ ಮಾಡಿದರು. ಕೇಬಲ್ ಹಾಕಿದ ಕೂಡಲೇ ಗಂಡ ಕಪ್ಪಗೆ ಗುಂಡಗೆ ನಗುತ್ತ ಕಾಣಿಸಿದ, ಬೆನ್ನ ಹಿಂದೆ ನೀಲಿ ಸಮುದ್ರ. "ಬರೆಂ ಜಾಲೆಂ" ಅಂತ ಆಕೆ ಕಾಕಾನ ಕೈ ಹಿಡಿದಳು. ಅಂಗಡಿಗೆ ಬಂದು ಆರು ತಿಂಗಳಾಗಿತ್ತು ನನಗೆ. ಮುಂದೆ ಪಾಸಾಗುವ ಆಸೆ ಬಿಟ್ಟು ಇದನ್ನೇ ಮಾಡಬೇಕು ಅನ್ನಿಸಿದ್ದು ಆ ಮಧ್ಯಾಹ್ನ. ಅಪ್ಪನಿಗೆ ಹೇಳಲಿಲ್ಲ.

ಮಳೆಗಾಲ ಬಂತೆಂದರೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ವಾಸ್ಕೋದ ಗಾಳಿಯಲ್ಲಿ ಸಮುದ್ರದ ಉಪ್ಪು. ಅದರ ಜೊತೆ ಮುರ್ಗಾಂವ ಬಂದರಿನಿಂದ ಹಾರಿಬರುವ ಕಲ್ಲಿದ್ದಲ ಪುಡಿ. ಕಿಟಕಿ ತೆರೆದಿಟ್ಟರೆ ಸಂಜೆಗೆ ನೆಲದ ಮೇಲೆ ಹೆಜ್ಜೆ ಮೂಡುತ್ತಿತ್ತು. ಮಾನಿಟರಿನ ಒಳಗೆ ಟ್ಯೂಬಿನ ಬೆನ್ನ ಮೇಲೆ ರಬ್ಬರಿನ ಬಟ್ಟಲಿನಂಥದೊಂದು ಇರುತ್ತದೆ. ಅದರ ಕೆಳಗೆ ಸುಮಾರು 25,000 ವೋಲ್ಟು. ಅಷ್ಟು ವೋಲ್ಟೇಜು ಧೂಳನ್ನು ಕರೆದು ಕೂಡಿಸಿಕೊಳ್ಳುತ್ತದೆ. ಕಲ್ಲಿದ್ದಲು ಮೊದಲೇ ಕರೆಂಟು ಹರಿಯಬಿಡುವಂಥದು, ಉಪ್ಪು ತೇವ ಹೀರುವಂಥದು. ಜೂನಿನ ಮೊದಲ ವಾರ ಎಲ್ಲ ಮನೆಗಳಿಂದಲೂ ಒಂದೇ ದೂರು: ಚಟಚಟ ಸದ್ದು, ಪರದೆಯಲ್ಲಿ ಮಿಂಚಿನಂಥ ಗೆರೆ, ಏನೋ ವಾಸನೆ. ಕಾಕಾ ಅಂಗಡಿಯ ದೀಪ ಆರಿಸಿ, ಷಟರ್ ಎಳೆದು, ಮುಚ್ಚಳ ತೆಗೆದ ಮಾನಿಟರ್ ಹಚ್ಚುತ್ತಿದ್ದರು. ಕತ್ತಲಲ್ಲಿ ಬಟ್ಟಲಿನ ಸುತ್ತ ನೀಲಿ ಬೆಳಕಿನ ಹುಳುಗಳು ಹರಿದಾಡುತ್ತಿದ್ದವು. ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ರೋಗವೇ ಹೌದು, ಆದರೂ ಚೆಂದವಿತ್ತು.

ಆಮೇಲಿನ ಕೆಲಸಕ್ಕೆ ಕಟ್ಟುನಿಟ್ಟು. ಪ್ಲಗ್ ಕಿತ್ತ ಮೇಲೂ ಟ್ಯೂಬು ಕರೆಂಟನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಎಡಗೈ ಬೆನ್ನ ಹಿಂದೆ, ಬಲಗೈಯಲ್ಲಿ ಉದ್ದ ಸ್ಕ್ರೂಡ್ರೈವರ್, ಅದಕ್ಕೆ ಕಟ್ಟಿದ ವೈರು ಟ್ಯೂಬಿನ ಅರ್ತಿಗೆ. ಬಟ್ಟಲಿನಡಿ ತೂರಿಸಿದರೆ 'ಟಪ್' ಅಂತ ಕಿಡಿ ಹಾರಬೇಕು. ಪಾತ್ರಾಂವ್ ಒಂದು ಸಲ ಅವಸರದಲ್ಲಿ ಇದನ್ನು ಮರೆತ. ಹೊಡೆತಕ್ಕಿಂತ ಹೆಚ್ಚು ಪೆಟ್ಟಾದದ್ದು ಬೆಚ್ಚಿ ಕೈ ಹಿಂದಕ್ಕೆಳೆದಾಗ ಕಪಾಟಿಗೆ ಬಡಿದ ಮೊಣಕೈಗೆ. ಮೂರು ದಿನ ಎಡಗೈಯಲ್ಲಿ ಪಾವ್ ತಿಂದ. ಒರೆಸಿ, ಸ್ಪಿರಿಟ್‌ನಿಂದ ತೊಳೆದ ಮಾನಿಟರುಗಳನ್ನು ಒಣಗಿಸಲು ಜಾಗ ಬೇಕಲ್ಲ? ಗೋವಾದ ಮನೆಗಳಲ್ಲಿ ಬೂಸ್ಟು ಹಿಡಿಯಬಾರದೆಂದು ಬಟ್ಟೆ ಕಪಾಟಿನೊಳಗೆ ಬಲ್ಬು ಉರಿಸುತ್ತಾರೆ. ನಾವು ಅದೇ ಉಪಾಯ ಮಾಡಿದೆವು. ಹೊರಗೆ ಧೋ ಅಂತ ಮಳೆ, ಒಳಗೆ 60 ವಾಟಿನ ಬಲ್ಬಿನ ಸುತ್ತ ಬೆನ್ನು ತೆರೆದ ಐದಾರು ಮಾನಿಟರುಗಳು. ಚಳಿ ಕಾಯಿಸುವ ಹಳ್ಳಿ ಕಟ್ಟೆಯ ಹಾಗೆ.

ಎಲ್ಲಕ್ಕಿಂತ ಹೆಚ್ಚು ನಾನು ನೆನೆಸಿಕೊಳ್ಳುವುದು ದಾಬೋಳಿಯ ಮನೆ. ರೈಲು ಹಳಿಗೆ ಹತ್ತಿಕೊಂಡ ಹೆಂಚಿನ ಮನೆ, ಮುಂದೆ ತುಳಸಿಯಲ್ಲ, ಶಿಲುಬೆ. ಆ ಮನೆಯ ಹುಡುಗನ ಮಾನಿಟರು ಎರಡು ಸಲ ನಮ್ಮಲ್ಲಿಗೆ ಬಂದಿತ್ತು. "ಒಮ್ಮೊಮ್ಮೆ ಹೋಗುತ್ತದೆ, ತಾನೇ ಬರುತ್ತದೆ" ಅನ್ನುವುದು ದೂರು. ರಿಪೇರಿಯವನ ಬಾಳಿನಲ್ಲಿ ಇದಕ್ಕಿಂತ ಕೆಟ್ಟ ವಾಕ್ಯವಿಲ್ಲ. ಅಂಗಡಿಯಲ್ಲಿ ಎರಡು ದಿನ ಹಗಲಿಡೀ ಹಚ್ಚಿಟ್ಟೆವು, ಕಣ್ಣು ಮಿಟುಕಿಸಲಿಲ್ಲ. ಮೂರನೇ ಸಲ ಹುಡುಗ ಬಂದಾಗ ಕಾಕಾ, "ಅದನ್ನ ಕರಕೊಂಡ ಬರಬ್ಯಾಡ. ನಾವ ಬರ್ತೀವಿ" ಅಂದರು.

ಬೆಳಿಗ್ಗೆ ಹತ್ತಕ್ಕೆ ಹೋಗಿ ಕೂತೆವು. ಮನೆಯ ಮುದುಕಿಗೆ ನಮ್ಮ ಮೇಲೆ ಅಷ್ಟೇನೂ ವಿಶ್ವಾಸವಿರಲಿಲ್ಲ. ಘಾಟದ ಮೇಲಿಂದ ಇಳಿದವರಿಗೆಲ್ಲ ಗೋವಾದಲ್ಲಿ ಒಂದೇ ಹೆಸರು, 'ಘಾಟಿ'. ಅದನ್ನು ಆಕೆ ಒಳಗಿನ ಕೋಣೆಯಲ್ಲಿ ಹೇಳಿದ್ದು ನಮಗೆ ಕೇಳಿಸಿತು. ಕಾಕಾ ಕೇಳಿಸದವರಂತೆ ಪರದೆ ನೋಡುತ್ತ ಕೂತರು. ಹನ್ನೊಂದಾಯಿತು. ಗೋವಾದ ಪದ್ಧತಿಯಂತೆ ಪೇಜ್ ಕುಡಿಯುವ ಹೊತ್ತು. ಮುದುಕಿ ಗೊಣಗುತ್ತಲೇ ಮೂರು ಬಟ್ಟಲು ಗಂಜಿ, ಮಾವಿನಮಿಡಿ ತಂದಿಟ್ಟಳು. ಕಾಕಾ "ದೇವ್ ಬರೆಂ ಕರೂಂ, ಮಾಂಯ್" ಅಂದರು. ಆಕೆಯ ಮುಖ ಸ್ವಲ್ಪ ಸಡಿಲವಾಯಿತು. ಹನ್ನೆರಡಾಯಿತು. ನನಗೆ ತೂಕಡಿಕೆ. ಪಾತ್ರಾಂವ್ ಹುಡುಗನ ಜೊತೆ ಫುಟ್ಬಾಲಿನ ಚರ್ಚೆಗಿಳಿದಿದ್ದ, ಸಾಳಗಾಂವಕರ್ ದೊಡ್ಡದೋ ಡೆಂಪೊ ದೊಡ್ಡದೋ ಅಂತ. ಕಾಕಾ ಮಾತ್ರ ಬಕಧ್ಯಾನ.

ಒಂದು ಗಂಟೆ ಹತ್ತಿರ ಬಂದಾಗ ಗಾಜಿನ ಕಪಾಟಿನಲ್ಲಿ ಲೋಟಗಳು ಕಿಣಿಕಿಣಿ ಅಂದವು. "ಗಾಡಿ ಯೆತಾ" ಅಂದಳು ಮುದುಕಿ, ಎದ್ದು ಕಪಾಟಿಗೆ ಕೈ ಒತ್ತಿ ನಿಂತಳು. ದಿನವೂ ಹಾಗೇ ನಿಲ್ಲುತ್ತಾಳೆಂದು ಕಾಣುತ್ತದೆ. ಬಂದದ್ದು ಬಂದರಿಗೆ ಹೋಗುವ ಅದಿರಿನ ಗಾಡಿ. ಹೊಸಪೇಟೆ ಕಡೆಯದಿರಬಹುದು, ಸಾಂವರ್ಡೆಯದಿರಬಹುದು. ಕೆಂಪು ಮಣ್ಣು ತುಂಬಿದ ವ್ಯಾಗನ್ನುಗಳು ಒಂದಾದ ಮೇಲೊಂದು. ಮನೆ ನಡುಗಿತು, ಮೇಜು ನಡುಗಿತು. ನೋಡನೋಡುತ್ತಿದ್ದಂತೆ ಪರದೆಯ ಚಿತ್ರವೆಲ್ಲ ಮೇಲಿಂದ ಕೆಳಗಿಂದ ಕುಸಿದು ನಟ್ಟನಡುವೆ ಒಂದೇ ಒಂದು ಬೆಳ್ಳಿ ಗೆರೆಯಾಗಿ ನಿಂತಿತು.

"ಸಿಕ್ತು!" ಕಾಕಾ ತೊಡೆ ತಟ್ಟಿಕೊಂಡರು. ಒಡನೆ ಬೆಳಕು ಇಳಿಸಿದರು. ಅಷ್ಟೂ ಕಿರಣ ಒಂದೇ ಗೆರೆಯ ಮೇಲೆ ಬಿದ್ದರೆ ಪರದೆಯ ಫಾಸ್ಫರ್ ಲೇಪ ಸುಟ್ಟು ಗಾಯ ಉಳಿದುಬಿಡುತ್ತದೆ. ಕಿರಣವನ್ನು ಮೇಲೆ ಕೆಳಗೆ ಓಡಿಸುವ ಕೆಲಸ ವರ್ಟಿಕಲ್ ಐಸಿಯದು. ಅದು ಬಿಸಿಯಾಗುತ್ತ ತಣಿಯುತ್ತ ವರ್ಷಗಟ್ಟಲೆ ದುಡಿದು, ಕಾಲಿನ ಸುತ್ತ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಡ್ರೈ ಸೋಲ್ಡರ್. ಪೇಟೆಯ ಒಳಗಲ್ಲಿಯಲ್ಲಿ ನಡುಗಿಸುವವರಿಲ್ಲ, ಹಾಗಾಗಿ ಅಂಗಡಿಯಲ್ಲಿ ಅದು ಸಭ್ಯಸ್ಥ. ಮುಚ್ಚಳ ತೆಗೆದು ಪಾತ್ರಾಂವ್‌ನ ಕೈಗೆ ಭೂತಗನ್ನಡಿ ಕೊಟ್ಟರು. ಐಸಿಯ ಒಂದು ಕಾಲಿನ ಸುತ್ತ ಬಳೆಯಂಥ ಕಪ್ಪು ಗೆರೆ. ಎರಡು ನಿಮಿಷದ ಬೆಸುಗೆ. ಆದರೆ ಕಾಕಾ ಎದ್ದು ಹೊರಡಲಿಲ್ಲ. ಇನ್ನೊಂದು ಗಾಡಿ ಬರೋವರೆಗೆ ಕೂಡೋಣ ಅಂದರು. ಅದು ಬಂದದ್ದು ನಾಲ್ಕಕ್ಕೆ. ಲೋಟಗಳು ಕಿಣಿಕಿಣಿ ಅಂದವು, ಪರದೆ ಜಪ್ಪಯ್ಯ ಅನ್ನಲಿಲ್ಲ. ಮುದುಕಿ ದೊದೋಲ್ ಕಟ್ಟಿಕೊಟ್ಟಳು, ಕೂಲಿ ನೂರು ರೂಪಾಯಿ. ಮೂವರ ಇಡೀ ದಿನದ ಗಳಿಕೆ ಅದೇ. ಬಸ್ಸಿನಲ್ಲಿ ಕಾಕಾ ಶಿಳ್ಳೆ ಹಾಕಿಕೊಂಡು ಬಂದರು.

ಕನ್ನಡದ್ದೂ ಒಂದು ಹೇಳಬೇಕು. ವಾಸ್ಕೋದಲ್ಲಿ ಬಾಗಲಕೋಟೆ, ವಿಜಾಪುರ, ಗದಗ, ಕೊಪ್ಪಳದ ಕುಟುಂಬಗಳು ಸಾಕಷ್ಟಿದ್ದುದರಿಂದ ಲಗ್ನಪತ್ರಿಕೆ ಕನ್ನಡದಲ್ಲೇ ಆಗಬೇಕು. ಡಿಟಿಪಿ ಅಂಗಡಿಯೊಂದರಲ್ಲಿ 'ಬರಹ' ತಂತ್ರಾಂಶ ಹಾಕಿಕೊಂಡು ಟೈಪು ಮಾಡುತ್ತಿದ್ದರು. ಒಂದು ಪತ್ರಿಕೆಯಲ್ಲಿ 'ಪುತ್ರಿ' ಹೋಗಿ 'ಪುತ್ತಿ' ಅಚ್ಚಾಯಿತು. ಹೆಣ್ಣಿನಪ್ಪ ಕೂಗಾಡಿದ, ಟೈಪಿನ ಹುಡುಗ ಪರದೆಯ ಮೇಲೆ ಸರಿಯಾಗೇ ಕಾಣುತ್ತಿತ್ತೆಂದು ಆಣೆ ಹಾಕಿದ. ಕಾಕಾ ನೋಡಿದರೆ ಹುಡುಗ ಸುಳ್ಳಾಡಿರಲಿಲ್ಲ. ಫೋಕಸ್ ಸರಿದು ಪರದೆಯ ಅಂಚಿನಲ್ಲಿ ಅಕ್ಷರ ಮೆತ್ತಗಾಗಿತ್ತು. ಇಂಗ್ಲಿಷ್ ಟೈಪು ಮಾಡುವಾಗ ಯಾರಿಗೂ ಗೊತ್ತಾಗಿರಲಿಲ್ಲ. ಒತ್ತಕ್ಷರ ಬಂದಾಗಲೇ ಬಯಲಾದದ್ದು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಫೋಕಸ್ ನೋಡಲು ಕಂಪನಿಯ ಪ್ಯಾಟರ್ನು ಬೇಡವಾಯಿತು. ನಾಲ್ಕು ಮೂಲೆಗೆ, ನಡುವಿಗೆ 'ರಾಷ್ಟ್ರ', 'ಪುತ್ರಿ', 'ಕ್ಷೇತ್ರ' ಎಂದು ಸಣ್ಣಗೆ ಟೈಪು ಮಾಡುವುದು, ಇಎಚ್‌ಟಿಯ ಮೇಲಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವುದು. ನಡುವೆ ಚೂಪಾದರೆ ಮೂಲೆ ಮಸುಕು, ಮೂಲೆ ಚೂಪಾದರೆ ನಡುವೆ ಮಸುಕು. "ಅತ್ತಿ ಸೊಸಿ ಇಬ್ಬರನ್ನೂ ಖುಷಿ ಇಡೂದು ಇದು" ಅನ್ನುತ್ತ ಎರಡಕ್ಕೂ ಅಷ್ಟಷ್ಟೇ ಅನ್ಯಾಯವಾಗುವಲ್ಲಿ ನಿಲ್ಲಿಸುತ್ತಿದ್ದರು.

ರೋಗವಲ್ಲದ ರೋಗವೂ ಒಂದಿತ್ತು. ಸೋನಿಯ ಟ್ರಿನಿಟ್ರಾನ್ ಟ್ಯೂಬಿನ ಪರದೆ ಹಿಂದೆ ತಂತಿಗಳ ಜಾಲರಿ. ಅದು ಕಂಪಿಸದಂತೆ ಅಡ್ಡಲಾಗಿ ಒಂದೆರಡು ಸಣ್ಣ ತಂತಿ ಬಿಗಿದಿರುತ್ತಾರೆ. ಬಿಳಿ ಪರದೆಯ ಮೇಲೆ ಅವುಗಳ ನೆರಳು ಕೂದಲಿನ ಹಾಗೆ ಕಾಣುತ್ತದೆ. "ಕೂದಲು ತೆಗೆಯಿರಿ" ಎಂದು ಬಂದವರೆಷ್ಟು ಜನ! ಅದು ಹುಟ್ಟಿನಿಂದ ಇರುವಂಥದು ಎಂದರೆ ನಂಬುತ್ತಿರಲಿಲ್ಲ, ಘಾಟಿಗೆ ಬರುವುದಿಲ್ಲ ಎಂದು ಎದ್ದು ಹೋಗುತ್ತಿದ್ದರು.

ಪರ್ರೀಕರ್ ಸರಕಾರ ಸೈಬರ್‌ಏಜ್ ಯೋಜನೆಯಲ್ಲಿ ವಿದ್ಯಾರ್ಥಿಗಳ ಮನೆಮನೆಗೆ ಕಂಪ್ಯೂಟರ್ ಮುಟ್ಟಿಸಿದ ಮೇಲೆ ನಮಗೆ ಕೈತುಂಬ ಕೆಲಸ. ಇದು ಇನ್ನು ಜೀವನಪೂರ್ತಿ ಎಂದುಕೊಂಡಿದ್ದೆವು. ಐದಾರು ವರ್ಷ ಕಳೆಯುವುದರೊಳಗೆ ಚಪ್ಪಟೆ ಪರದೆಗಳು ಬಂದವು. ಅವುಗಳಲ್ಲಿ ಸಿಳ್ಳೆಯಿಲ್ಲ, ಕಿಡಿಯಿಲ್ಲ. ಕೆಟ್ಟರೆ ಬೋರ್ಡು ಬದಲಿಸಬೇಕು, ಅಷ್ಟೇ. ಗುಜರಿಯವರು ಹಳೆ ಮಾನಿಟರುಗಳ ಕುತ್ತಿಗೆ ಮುರಿದು ತಾಮ್ರದ ಸುರುಳಿ ಕಿತ್ತುಕೊಂಡು, ಸೀಸ ತುಂಬಿದ ಗಾಜನ್ನು ಎಲ್ಲೆಂದರಲ್ಲಿ ಎಸೆಯತೊಡಗಿದರು. ಪಾತ್ರಾಂವ್ ಅಜ್ಜನ ಹಳೆ ಕಾಗದ ಹುಡುಕಿ ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿನ ಸ್ವಿಂಡನ್‌ಗೆ ಹೋದ. ಅವನ ಊರಿನ ಅರ್ಧ ಜನ ಅಲ್ಲೇ ಇದ್ದಾರಂತೆ. ಕಾಕಾ ಷಟರ್ ಎಳೆದು ರೋಣಕ್ಕೆ ಮರಳಿದರು. ನಾನು ಸಿಸಿಟಿವಿ ಕೂಡ್ರಿಸುವ ಕೆಲಸಕ್ಕೆ ಹೊರಳಿದೆ. ಅಂಗಡಿ ಖಾಲಿ ಮಾಡಿದ ದಿನ ನನ್ನ ಪಾಲಿಗೆ ಬಂದದ್ದು ಈ ಮಾನಿಟರು. ಕೌದಿ ಕಾಕಾನ ಮನೆಯದೇ.

ಗುಜರಿಯವನು ಮರುದಿನ ಬಂದ. ನಾಳೆ ಬಾ ಅಂದೆ. ರಾತ್ರಿ ಹಳೆ ಲ್ಯಾಪ್‌ಟಾಪಿಗೆ ಕೇಬಲ್ ಸಿಗಿಸಿ ಹಚ್ಚಿದೆ. ಮೊದಲು ಏನೂ ಇಲ್ಲ. ಆಮೇಲೆ ಬೆಳಗಾದ ಹಾಗೆ ಮೆಲ್ಲಗೆ ಚಿತ್ರ ಮೂಡಿತು. ಎಡ ಮೂಲೆಯಲ್ಲಿ ಅಂಗೈಯಗಲ ನೇರಳೆ ಕಲೆ. ಹತ್ತು ಗಂಟೆಯಾಗಿತ್ತು, ಆದರೂ ರೋಣಕ್ಕೆ ಫೋನ್ ಹಚ್ಚಿದೆ.

"ಏನ್ ಕಾಣಸ್ತದ?" ಅಂದರು. ಹೇಳಿದೆ.

"ಅಟ್ಟದ ಮ್ಯಾಲ ಬಾಜೂಕ ಏನಿತ್ತು?"

"ಹಳೇ ಸ್ಪೀಕರ್ ಡಬ್ಬಿ ರೀ, ಕಾಕಾ."

ನಕ್ಕರು. ಪರದೆಯ ಹಿಂದಿರುವ ಉಕ್ಕಿನ ಜಾಲರಿಗೆ ಸ್ಪೀಕರಿನ ಅಯಸ್ಕಾಂತ ಹತ್ತಿಬಿಟ್ಟಿದೆ. ಮಾನಿಟರ್ ಹಚ್ಚಿದಾಗ 'ಧುಂ' ಅನ್ನುತ್ತದಲ್ಲ, ಅದು ಟ್ಯೂಬಿನ ಸುತ್ತ ಸುತ್ತಿದ ಸುರುಳಿ ಈ ಅಯಸ್ಕಾಂತವನ್ನು ಅಳಿಸುವ ಸದ್ದು.

"ಧುಂ ಅಂತೇನು?"

"ನೆನಪಿಲ್ರಿ."

"ಫೋನ್ ಅದರ ಮುಂದ ಹಿಡಿ. ಬಂದ್ ಮಾಡಿ ಹಚ್ಚು."

ಹಚ್ಚಿದೆ. ಸಪ್ಪಳವಿಲ್ಲ.

"ಅದರ ಪಾಸಿಸ್ಟರ್ ಇನ್ನೂ ಬಿಸಿ ಅದಲ್ಲೋ ತಮ್ಮಾ. ಆರಬೇಕು, ಅಂದ್ರನ ಕರೆಂಟ್ ಬಿಡ್ತದ. ಬಂದ್ ಮಾಡಿ ಇಪ್ಪತ್ತ ನಿಮಿಷ ಬಿಡು."

"ಹಂಗಾದ್ರ ಆಮೇಲೆ ಫೋನ್ ಮಾಡ್ತೀನ್ರಿ."

"ಯಾಕ ಇಡ್ತಿ? ಇಪ್ಪತ್ತ ನಿಮಿಷ ಅಲ್ಲೇನು" ಅಂದರು ಕಾಕಾ. ಆಚೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. "ಪಾತ್ರಾಂವ್ ಹೆಂಗದಾನ, ಹೇಳು."